ಬುಡಕ್ಕೆ ಜಿನುಗುವ ನೀರು: ಕೈತೋಟದ ಸೋಕರ್ ಪೈಪು, ಅದರ ಬಳಕೆ ಮತ್ತು ದುರಸ್ತಿ

ಕೈತೋಟಕ್ಕೆ ನೀರುಣಿಸುವ ಸಾಧನಗಳಲ್ಲಿ ಸೋಕರ್ ಪೈಪು ಅಥವಾ ಜಿನುಗು ಕೊಳವೆ ಎಂದು ಕರೆಯಲಾಗುವ ಕಪ್ಪು ಕೊಳವೆಯು ನೋಡಲು ತೀರಾ ಸಾಮಾನ್ಯವಾದದ್ದು. ಅದಕ್ಕೆ ಹನಿ ನೀರಾವರಿಯ ಡ್ರಿಪ್ಪರುಗಳಿಲ್ಲ, ತುಂತುರು ನೀರಾವರಿಯ ನಳಿಕೆಗಳಿಲ್ಲ, ನೀರು ಇಲ್ಲಿಂದ ಬರುತ್ತದೆ ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ರಂಧ್ರವೂ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಟೈರುಗಳನ್ನು ಪುಡಿಮಾಡಿ ಪಡೆದ ರಬ್ಬರಿನ ಹರಳುಗಳನ್ನು ಪಾಲಿಥಿಲೀನ್ ಪ್ಲಾಸ್ಟಿಕ್ಕಿನೊಂದಿಗೆ ಬೆರೆಸಿ, ಕಾಯಿಸಿ, ಅಚ್ಚಿನ ಮೂಲಕ ಕೊಳವೆಯಾಗಿ ತೆಗೆಯುವಾಗ ಪ್ಲಾಸ್ಟಿಕ್ಕು ಕರಗಿ ಹರಳುಗಳನ್ನು ಒಂದಕ್ಕೊಂದು ಅಂಟಿಸುತ್ತದೆಯೇ ಹೊರತು ಅವುಗಳ ನಡುವಿನ ಸಂದುಗಳನ್ನೆಲ್ಲ ಮುಚ್ಚುವುದಿಲ್ಲ. ಉಳಿದ ಆ ಸೂಕ್ಷ್ಮ ಸಂದುಗಳಿಂದ ನೀರು ಕೊಳವೆಯ ಉದ್ದಕ್ಕೂ, ಅದರ ಸುತ್ತಲೂ, ಮೈಬೆವರಿನಂತೆ ಒಸರುತ್ತದೆ. ನಿಧಾನವಾಗಿ ಮತ್ತು ಕಡಿಮೆ ಒತ್ತಡದಲ್ಲಿ ಕೆಲಸ ಮಾಡಲೆಂದೇ ಹುಟ್ಟಿದ ಈ ಸಾಧನವು ಕೆಡುವುದು ಬಹುಮಟ್ಟಿಗೆ ಅದನ್ನು ಅವಸರಪಡಿಸಿದಾಗ, ಅಂದರೆ ತಾಳಲಾರದ ಒತ್ತಡದ ನೀರನ್ನೋ ಸೋಸದ ನೀರನ್ನೋ ಅದರೊಳಗೆ ನುಗ್ಗಿಸಿದಾಗ. ಹಾಗಾಗಿ ಕೆಟ್ಟಿತೆಂದು ಮೂಲೆಗೆಸೆದ ಕೊಳವೆಗಳಲ್ಲಿ ಹೆಚ್ಚಿನವು ಒಂದು ಜಾಯಿಂಟರ್, ಎರಡು ಕ್ಲಿಪ್ಪು ಮತ್ತು ಒಂದು ರಾತ್ರಿಯ ನೆನೆಸುವಿಕೆಯಿಂದ ಮತ್ತೆ ಕೆಲಸಕ್ಕೆ ಬರುವಂಥವೇ ಆಗಿರುತ್ತವೆ.

ರಂಧ್ರಮಯವಾದ ವಸ್ತುವಿನಿಂದ ನೀರು ತಾನಾಗಿ ಜಿನುಗಿ ಬೇರನ್ನು ತಲುಪಲಿ ಎಂಬ ವಿಚಾರ ಹಳೆಯದು. ಬಣ್ಣ ಹಚ್ಚದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿಸುವ ಪದ್ಧತಿಯನ್ನು ಕ್ರಿಸ್ತಪೂರ್ವ 1ನೇ ಶತಮಾನದ ಚೀನಾದ ಕೃಷಿಗ್ರಂಥವೊಂದು ವಿವರಿಸುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲೂ ಎಳೆಯ ತೆಂಗಿನ ಸಸಿಗಳ ಪಕ್ಕದಲ್ಲಿ ಹೀಗೆ ಮಡಕೆ ಹೂಳುವುದುಂಟು. ಅಮೆರಿಕದಲ್ಲಿ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ದಪ್ಪ ಕ್ಯಾನ್ವಾಸ್ ಬಟ್ಟೆಯನ್ನು ಕೊಳವೆಯಾಗಿ ಹೊಲಿದು ತರಕಾರಿ ಸಾಲುಗಳ ನಡುವೆ ಹಾಸುತ್ತಿದ್ದರು, 1970ರ ದಶಕದಲ್ಲಿ ಟೈರಿನ ರಬ್ಬರು ಆ ಬಟ್ಟೆಯ ಜಾಗಕ್ಕೆ ಬಂತು. ಮಡಕೆಯಲ್ಲಿ ಮಣ್ಣು ಒಣಗಿದಷ್ಟೂ ನೀರು ಹೊರಗೆ ಸೆಳೆಯಲ್ಪಡುವುದರಿಂದ ಅದು ತನ್ನನ್ನು ತಾನೇ ನಿಯಂತ್ರಿಸಿಕೊಳ್ಳುತ್ತದೆ. ಕೊಳವೆಗೆ ಆ ಗುಣವಿಲ್ಲ, ನಲ್ಲಿ ತೆರೆದಿರುವಷ್ಟು ಹೊತ್ತೂ ಅದು ಒಸರುತ್ತಲೇ ಇರುತ್ತದೆ. ಈ ವ್ಯತ್ಯಾಸವನ್ನು ಮರೆತವರ ತೋಟದಲ್ಲಿ ಕೊಳವೆಯು ನೀರನ್ನು ಉಳಿಸುವ ಬದಲು ಯಾರಿಗೂ ಕಾಣದಂತೆ ಪೋಲು ಮಾಡುತ್ತದೆ.

ಬೆಂಗಳೂರಿನಂಥ ಊರಿನಲ್ಲಿ ಈ ಮಾತಿಗೆ ವಿಶೇಷವಾದ ತೂಕವಿದೆ. ನಗರಕ್ಕೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಂತ ಹಂತವಾಗಿ ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬರಬೇಕು. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿಯು ಕೈತೋಟಕ್ಕೆ ಮತ್ತು ವಾಹನ ತೊಳೆಯಲು ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಅಂಥ ದಿನಗಳಲ್ಲಿ ಗಿಡಗಳಿಗೆ ಉಳಿಯುವುದು ಸಂಗ್ರಹಿಸಿಟ್ಟ ಮಳೆನೀರು ಅಥವಾ ಸಂಸ್ಕರಿಸಿದ ನೀರು ಮಾತ್ರ, ಅದೂ ಅಳತೆಯಲ್ಲಿ. ಕೈಯಲ್ಲಿ ಪೈಪು ಹಿಡಿದು ಚಿಮುಕಿಸಿದ ನೀರಿನಲ್ಲಿ ಒಂದು ಪಾಲು ಎಲೆಗಳ ಮೇಲೆ, ಇನ್ನೊಂದು ಪಾಲು ಮಣ್ಣಿನ ಮೇಲ್ಪದರದಲ್ಲೇ ಆವಿಯಾಗುತ್ತದೆ. ಜೊತೆಗೆ ಒದ್ದೆಯಾದ ಎಲೆಗಳು ಟೊಮೆಟೊದ ಅಂಗಮಾರಿ, ಗುಲಾಬಿಯ ಕಪ್ಪುಚುಕ್ಕೆಯಂಥ ಶಿಲೀಂಧ್ರ ರೋಗಗಳನ್ನು ಬರಮಾಡಿಕೊಳ್ಳುತ್ತವೆ. ಜಿನುಗು ಕೊಳವೆಯು ಎಲೆಯನ್ನು ಮುಟ್ಟದೆ, ಕಳೆ ಬೆಳೆಯುವ ಓಣಿಗಳನ್ನು ನೆನೆಸದೆ, ಬೇರಿರುವಲ್ಲಿಗಷ್ಟೇ ನೀರು ಕೊಡುತ್ತದೆ ಎಂಬುದೇ ಅದರ ದೊಡ್ಡ ಪ್ರಯೋಜನ.

ಕೊಳವೆಯ ಬಾಳಿಕೆಯನ್ನು ನಿರ್ಧರಿಸುವ ಮುಖ್ಯ ಸಂಗತಿಗಳಲ್ಲಿ ಒಂದು ನೀರಿನ ಒತ್ತಡ. ಸಾಮಾನ್ಯವಾಗಿ ಈ ಕೊಳವೆಗಳಿಗೆ ಹಿತವಾದ ಒತ್ತಡ ಸುಮಾರು 10 ಪಿಎಸ್‌ಐ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 0.7 ಕಿಲೋಗ್ರಾಂ. ಅಮೆರಿಕದ ಮನೆಗಳಲ್ಲಿ ನಲ್ಲಿಯ ಒತ್ತಡ ಇದರ ನಾಲ್ಕೈದು ಪಟ್ಟು ಇರುವುದರಿಂದ ಅಲ್ಲಿನ ಬಳಕೆದಾರರಿಗೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಅನಿವಾರ್ಯವಾಗುತ್ತದೆ. ಮಹಡಿಯ ಮೇಲಿನ ಟ್ಯಾಂಕಿನಿಂದ ನೀರು ಇಳಿದುಬರುವ ನಮ್ಮ ಮನೆಗಳ ಲೆಕ್ಕವೇ ಬೇರೆ. 10 ಮೀಟರ್ ಎತ್ತರದ ನೀರಿನ ಕಂಬವು ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ, ಅಂದರೆ 14 ಪಿಎಸ್‌ಐಗಿಂತ ತುಸು ಹೆಚ್ಚು ಒತ್ತಡವನ್ನು ಉಂಟುಮಾಡುತ್ತದೆ; ಆದ್ದರಿಂದ ನೆಲಮಹಡಿಯ ಮೇಲೊಂದು ಮಹಡಿಯಿರುವ, ತಾರಸಿಯ ಮೇಲೆ ಕಟ್ಟೆ ಕಟ್ಟಿ ಟ್ಯಾಂಕು ಕೂರಿಸಿದ ಮನೆಯಲ್ಲಿ ನೀರಿನ ಮಟ್ಟ ಅಂಗಳದಿಂದ 8 ಮೀಟರ್ ಮೇಲಿದ್ದರೆ ಅಂಗಳದ ನಲ್ಲಿಯಲ್ಲಿ ಸಿಗುವ ಒತ್ತಡ ಸುಮಾರು 11 ಪಿಎಸ್‌ಐ. ಯಾವ ಉಪಕರಣದ ನೆರವೂ ಇಲ್ಲದೆ, ಕೇವಲ ಮನೆಯ ಎತ್ತರದಿಂದಲೇ ಕೊಳವೆಗೆ ಬೇಕಾದ ಒತ್ತಡ ಅಲ್ಲಿ ಒದಗುತ್ತದೆ. ಒಂದೇ ಅಂತಸ್ತಿನ ಮನೆಯಲ್ಲಿ 5 ಮೀಟರ್ ಎತ್ತರಕ್ಕೆ 7 ಪಿಎಸ್‌ಐ ದೊರೆತು ಕೊಳವೆ ಮಂದವಾಗಿ ಜಿನುಗುತ್ತದೆ, ಹೊತ್ತು ಹೆಚ್ಚು ಹಿಡಿಯುತ್ತದೆ ಅಷ್ಟೇ. ತೊಂದರೆಯಾಗುವುದು ಎರಡು ಕಡೆ: ಟ್ಯಾಂಕಿನ ಪಕ್ಕದಲ್ಲೇ ಇರುವ ತಾರಸಿ ತೋಟದಲ್ಲಿ ಒಂದೆರಡು ಮೀಟರ್ ಎತ್ತರದ ನೀರಿಗೆ ಸಂದುಗಳನ್ನು ದಾಟುವ ಬಲವೇ ಇರುವುದಿಲ್ಲವಾದ್ದರಿಂದ ಅಲ್ಲಿ ರಂಧ್ರ ಕೊರೆದ ಸಾಮಾನ್ಯ ಪೈಪೇ ವಾಸಿ, ಪ್ರೆಶರ್ ಪಂಪು ಅಳವಡಿಸಿದ ಮನೆಗಳಲ್ಲಿ, ಮತ್ತು ಕೊಳವೆಬಾವಿಯ ಮೋಟರಿಗೆ ನೇರವಾಗಿ ಜೋಡಿಸಿದಲ್ಲಿ, ಒತ್ತಡ ಮಿತಿಮೀರಿ ಕೊಳವೆ ಮೊದಲ ವಾರದಲ್ಲೇ ಅಲ್ಲಲ್ಲಿ ಬಿರಿಯುತ್ತದೆ.

ಈ ಎರಡನೆಯ ಸಂದರ್ಭದಲ್ಲಿ ರೆಗ್ಯುಲೇಟರ್ ಹಾಕುವುದು ಉತ್ತಮ, ಇಲ್ಲವಾದರೆ ನಲ್ಲಿಯನ್ನು ಕಾಲುಭಾಗ ಮಾತ್ರ ತಿರುಗಿಸಿ ನೀರನ್ನು ಬಿಗಿಹಿಡಿಯಬೇಕು. ಹಲವು ಕೊಳವೆಗಳ ತಲೆಯ ಜೋಡಣೆಯೊಳಗೆ, ವಾಷರಿನ ಜಾಗದಲ್ಲಿ, ನಡುವೆ ಗುಂಡುಸೂಜಿಯ ತಲೆಯಷ್ಟು ತೂತಿರುವ ಒಂದು ಪುಟ್ಟ ಪ್ಲಾಸ್ಟಿಕ್ ಬಿಲ್ಲೆಯನ್ನು ತಯಾರಕರೇ ಇಟ್ಟಿರುತ್ತಾರೆ. ನೀರು ಕಡಿಮೆ ಬರುತ್ತದೆಂದು ಜೋಡಣೆ ಬಿಚ್ಚಿದವರು ಅದನ್ನು ಅಡಚಣೆಯೆಂದೇ ಬಗೆದು ಕಿತ್ತೆಸೆಯುವುದು ಸಾಮಾನ್ಯ. ಆದರೆ ಒಳಬರುವ ನೀರಿನ ರಭಸವನ್ನು ತಗ್ಗಿಸಿ ಇಡೀ ಕೊಳವೆಯನ್ನು ಕಾಯುವ ಅಂಗ ಅದೇ, ಅದು ಹೋದ ಮೇಲೆ ಆರಂಭದ ಅಡಿಗಳಲ್ಲಿ ನೀರು ಚಿಮ್ಮುತ್ತದೆ, ತುದಿ ಒಣಗಿರುತ್ತದೆ. ಟ್ಯಾಂಕಿನ ಎತ್ತರದಿಂದಷ್ಟೇ ನೀರು ಪಡೆಯುವ ಮನೆಗಳಲ್ಲಿ ಮಾತ್ರ ಬಿಲ್ಲೆಯನ್ನು ತೆಗೆದಿಡುವುದಕ್ಕೆ ಅರ್ಥವಿದೆ.

ನೀರು ಕೊಳವೆಯಲ್ಲಿ ಸಾಗುತ್ತಾ ಗೋಡೆಗಳ ಘರ್ಷಣೆಯಿಂದ ಒತ್ತಡವನ್ನು ಕಳೆದುಕೊಳ್ಳುವುದರಿಂದ ಒಂದು ಸಾಲಿನ ಉದ್ದ 30 ಮೀಟರ್ ದಾಟಬಾರದು. ಟ್ಯಾಂಕಿನ ನೀರಿಗಾದರೆ ಅದರ ಅರ್ಧವೇ ಲೇಸು. ಕೊಳವೆಯನ್ನು ಉಂಗುರದಂತೆ ಬಳಸಿ ಎರಡೂ ತುದಿಗಳನ್ನು ಒಂದು ಟೀ ಜೋಡಣೆಗೆ ಸಿಕ್ಕಿಸಿದರೆ ನೀರು ಎರಡೂ ಕಡೆಯಿಂದ ಹೊಕ್ಕು ಜಿನುಗುವಿಕೆ ಸಾಕಷ್ಟು ಸಮನಾಗುತ್ತದೆ. ಇಳಿಜಾರಿನಲ್ಲಿ ಒಂದು ಮೀಟರ್ ತಗ್ಗಿಗೆ ಸುಮಾರು 1.4 ಪಿಎಸ್‌ಐ ಒತ್ತಡ ಕೂಡಿಕೊಳ್ಳುವುದರಿಂದ, ಮಲೆನಾಡಿನ ಅಥವಾ ಕರಾವಳಿಯ ಏರುತಗ್ಗಿನ ಹಿತ್ತಿಲುಗಳಲ್ಲಿ ಕೊಳವೆಯನ್ನು ಮೇಲಿನಿಂದ ಕೆಳಕ್ಕೆ ಎಳೆಯದೆ ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದಲ್ಲಿ ಹಾಸಬೇಕು. ಹಾಸಿದ ಮೇಲೆ ಆರಂಭ, ನಡು ಮತ್ತು ತುದಿಯಲ್ಲಿ ಕೊಳವೆಯ ಕೆಳಗೆ ಒಂದೇ ಅಳತೆಯ ಬಟ್ಟಲುಗಳನ್ನಿಟ್ಟು ಕಾಲು ಗಂಟೆ ಬಿಟ್ಟು ನೋಡಿದರೆ ನೀರು ಎಷ್ಟರಮಟ್ಟಿಗೆ ಸಮನಾಗಿ ಹಂಚಿಕೆಯಾಗುತ್ತಿದೆ ಎಂಬುದು ತಿಳಿಯುತ್ತದೆ.

ಒಸರಿದ ನೀರು ಮಣ್ಣಿನಲ್ಲಿ ಹರಡುವ ಬಗೆಯು ಕೊಳವೆಗಿಂತ ಮಣ್ಣಿನ ಗುಣಕ್ಕೇ ಹೆಚ್ಚು ಸೇರಿದ್ದು. ಮಣ್ಣಿನ ಕಣಗಳ ನಡುವಿನ ಕಿರಿದಾದ ಸಂದುಗಳು ನೀರನ್ನು ಅಕ್ಕಪಕ್ಕಕ್ಕೂ ಮೇಲಕ್ಕೂ ಸೆಳೆದುಕೊಳ್ಳುವ ಕೇಶಾಕರ್ಷಣೆ ಎಂಬ ಬಲವು ಮರಳುಮಣ್ಣಿನಲ್ಲಿ ದುರ್ಬಲ, ಜೇಡಿಯಲ್ಲಿ ಪ್ರಬಲ. ಕೋಲಾರ, ತುಮಕೂರು, ಬೆಂಗಳೂರು ಸುತ್ತಿನ ಮರಳು ಬೆರೆತ ಕೆಂಪುಮಣ್ಣಿನಲ್ಲಿ ನೀರು ಹೆಚ್ಚು ಅಗಲಕ್ಕೆ ಹರಡದೆ ಬೇಗ ಕೆಳಗಿಳಿಯುವುದರಿಂದ ಕೊಳವೆಯ ಸಾಲುಗಳ ನಡುವೆ ಒಂದರಿಂದ ಒಂದೂವರೆ ಅಡಿ ಅಂತರ ಸಾಕು. ಧಾರವಾಡ, ವಿಜಯಪುರದ ಎರೆಮಣ್ಣಿನಲ್ಲಿ ಎರಡು ಅಡಿಯವರೆಗೂ ಬಿಡಬಹುದು. ಆದರೆ ಎರೆಮಣ್ಣು ಪೂರ್ತಿ ಒಣಗಿ ಬಿರುಕು ಬಿಟ್ಟ ಮೇಲೆ ನೀರು ಬಿಟ್ಟರೆ ಅದು ಮಣ್ಣನ್ನು ನೆನೆಸುವ ಮೊದಲೇ ಬಿರುಕುಗಳಲ್ಲಿ ಇಳಿದುಹೋಗುತ್ತದೆ, ಹಾಗಾಗಿ ಅಲ್ಲಿ ಮಣ್ಣು ಬಿರಿಯಲು ಬಿಡದೆ ತೇವ ಕಾಯ್ದುಕೊಳ್ಳುವುದು ಮುಖ್ಯ. ಕೊಳವೆಯನ್ನು ಗಿಡದ ಕಾಂಡಕ್ಕೆ ತಾಗಿಸದೆ ನಾಲ್ಕಾರು ಬೆರಳು ದೂರವಿಟ್ಟರೆ ಬುಡಕೊಳೆಯ ಭಯವಿರುವುದಿಲ್ಲ. ಮೇಲೆ ರಾಗಿಹುಲ್ಲು, ತರಗೆಲೆ ಅಥವಾ ತೆಂಗಿನ ನಾರಿನ ಪುಡಿಯನ್ನು ಎರಡು ಮೂರು ಇಂಚು ದಪ್ಪಕ್ಕೆ ಹೊದಿಸಿದರೆ ಆವಿಯಾಗುವುದು ತಗ್ಗುವುದಷ್ಟೇ ಅಲ್ಲ, ರಬ್ಬರನ್ನು ಗಡಸುಗೊಳಿಸಿ ಸೀಳಿಸುವ ಬಿಸಿಲಿನ ನೇರಳಾತೀತ ಕಿರಣಗಳಿಂದಲೂ ಕೊಳವೆಗೆ ರಕ್ಷಣೆ ಸಿಗುತ್ತದೆ. ಮಣ್ಣಿನೊಳಗೇ ಹೂತುಬಿಡುವವರೂ ಇದ್ದಾರೆ, ಆದರೆ ಹೂತ ಕೊಳವೆ ಎಲ್ಲಿ ಒಡೆದಿದೆ, ಎಲ್ಲಿ ಕಟ್ಟಿಕೊಂಡಿದೆ ಎಂಬುದು ಗಿಡ ಬಾಡುವವರೆಗೂ ಗೊತ್ತಾಗುವುದಿಲ್ಲ, ಗುದ್ದಲಿಯ ಏಟಂತೂ ತಪ್ಪುವುದಿಲ್ಲ.

ಎಷ್ಟು ಹೊತ್ತು ನೀರು ಬಿಡಬೇಕು ಎಂಬ ಪ್ರಶ್ನೆಗೆ ಅಂದಾಜಿನ ಉತ್ತರಕ್ಕಿಂತ ಲೆಕ್ಕದ ಉತ್ತರವೇ ಒಳ್ಳೆಯದು, ಮತ್ತು ಆ ಲೆಕ್ಕ ಕಷ್ಟದ್ದೇನಲ್ಲ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ನೀರೆಂದರೆ ಸರಿಯಾಗಿ 1 ಲೀಟರ್. ಬೇಸಿಗೆಯಲ್ಲಿ ತರಕಾರಿ ಮಡಿಯೊಂದು ದಿನಕ್ಕೆ 5 ಮಿಲಿಮೀಟರ್ ನೀರು ಕಳೆದುಕೊಳ್ಳುತ್ತದೆ ಎಂದಿಟ್ಟುಕೊಂಡರೆ, 6 ಚದರ ಮೀಟರಿನ ಮಡಿಗೆ ದಿನಕ್ಕೆ 30 ಲೀಟರ್, ಮೂರು ದಿನಕ್ಕೊಮ್ಮೆ ಕೊಡುವುದಾದರೆ 90 ಲೀಟರ್ ಬೇಕು. ಕೊಳವೆಯನ್ನು ಸುರುಳಿ ಸುತ್ತಿ ದೊಡ್ಡ ಟಬ್ಬಿನಲ್ಲಿಟ್ಟು ಹತ್ತು ನಿಮಿಷ ನೀರು ಬಿಟ್ಟು, ಸಂಗ್ರಹವಾದದ್ದನ್ನು ಅಳೆದಾಗ 10 ಲೀಟರ್ ಬಂದರೆ ಗಂಟೆಗೆ 60 ಲೀಟರ್, ಅಂದರೆ ಆ ಮಡಿಗೆ ಒಂದೂವರೆ ಗಂಟೆ ಸಾಕು. ಹೊದಿಕೆಯಿದ್ದಲ್ಲಿ ಇದನ್ನು ಇನ್ನೂ ಕಡಿಮೆ ಮಾಡಬಹುದು. ನೀರು ನಿಲ್ಲಿಸಿದ ಒಂದೆರಡು ಗಂಟೆಗಳ ಬಳಿಕ ಕುರ್ಪಿಯಿಂದ ಅಗೆದು ನೋಡಿದಾಗ ಮಣ್ಣು ಗೇಣುದ್ದ ಆಳಕ್ಕೆ ಒದ್ದೆಯಾಗಿದ್ದರೆ ಲೆಕ್ಕ ಸರಿಯಿದೆ ಎಂದರ್ಥ. ದಿನಾ ಹತ್ತು ನಿಮಿಷ ಬಿಡುವುದಕ್ಕಿಂತ ಹೀಗೆ ಬಿಟ್ಟು ಬಿಟ್ಟು ಆಳವಾಗಿ ಕೊಡುವುದರಿಂದ ಬೇರುಗಳು ಕೆಳಗಿಳಿಯುತ್ತವೆ. ಆದರೆ ಟೊಮೆಟೊಗೆ ಒಮ್ಮೆ ಒಣಗಿಸಿ ಒಮ್ಮೆ ಮುಳುಗಿಸುವ ಏರುಪೇರು ಮಾತ್ರ ಆಗದು, ನೀರಿನ ಏರಿಳಿತದಿಂದ ಕಾಯಿಗೆ ಸುಣ್ಣದಂಶ ಸರಿಯಾಗಿ ತಲುಪದೆ ಅದರ ತುದಿ ಕಪ್ಪಾಗಿ ಕೊಳೆಯುತ್ತದೆ.

ಒಡೆಯುವುದಕ್ಕಿಂತಲೂ ಹೆಚ್ಚಾಗಿ ಕೊಳವೆಗಳು ಸಾಯುವುದು ಕಟ್ಟಿಕೊಂಡು. ಬಯಲುಸೀಮೆಯ ಕೊಳವೆಬಾವಿಗಳ ಗಡಸುನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ನೀರು ಆವಿಯಾಗುತ್ತಿದ್ದಂತೆ ಕೊಳವೆಯ ಮೈಮೇಲೆ ಸುಣ್ಣದ ಬಿಳಿ ಹೊರಪಾಗಿ ಕೂರುತ್ತದೆ. ಬಿಸಿನೀರಿನ ಹಂಡೆಯೊಳಗೆ, ಬಾತ್‌ರೂಮಿನ ಷವರ್ ತೂತುಗಳಲ್ಲಿ ಕಾಣುವ ಹೊರಪೇ ಅದು. ಕಬ್ಬಿಣದಂಶ ಹೆಚ್ಚಿರುವ ನೀರಿನಲ್ಲಿ ಕಬ್ಬಿಣವನ್ನು ಉಪಯೋಗಿಸಿಕೊಂಡು ಬದುಕುವ ಬ್ಯಾಕ್ಟೀರಿಯಾಗಳು ಕೆಂಗಂದು ಲೋಳೆಯನ್ನು ಕಟ್ಟುತ್ತವೆ. ಇವಲ್ಲದೆ ಮನೆಯವರೇ ತಿಳಿಯದೆ ತುಂಬಿಸುವ ವಸ್ತುಗಳಿವೆ: ಜೀವಾಮೃತವನ್ನೋ ಗಂಜಲದ ನೀರನ್ನೋ ಇದೇ ಕೊಳವೆಯಲ್ಲಿ ಹರಿಸಿದರೆ ಅದರೊಳಗಿನ ಸಗಣಿಯ ನಾರು ಮತ್ತು ಬೆಲ್ಲದ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳ ಲೋಳೆ ಸಂದುಗಳನ್ನು ಮುಚ್ಚುತ್ತವೆ, ಬಟ್ಟೆ ಒಗೆಯುವ ಯಂತ್ರದ ನೀರಿನಲ್ಲಿ ಬಟ್ಟೆಯ ಎಳೆಗಳಿರುತ್ತವೆ, ಆರ್‌ಓ ಯಂತ್ರ ಹೊರಹಾಕುವ ನೀರಿನಲ್ಲಿ ಲವಣಾಂಶ ಮೊದಲೇ ಹೆಚ್ಚು. ಇವನ್ನೆಲ್ಲ ಗಿಡಕ್ಕೆ ಹಾಕಲೇಬೇಕಾದರೆ ಚೊಂಬಿನಲ್ಲೋ ಬಕೆಟ್ಟಿನಲ್ಲೋ ಹಾಕುವುದು ಕ್ಷೇಮ. ನಲ್ಲಿ ಮತ್ತು ಕೊಳವೆಯ ನಡುವೆ ಹನಿ ನೀರಾವರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಪುಟ್ಟ ಜರಡಿ ಫಿಲ್ಟರನ್ನು, ಇಂಚಿಗೆ 150ರಿಂದ 200 ಕಣ್ಣುಗಳಿರುವ ಜಾಲರಿಯದನ್ನು, ಅಳವಡಿಸಿ ವಾರಕ್ಕೊಮ್ಮೆ ತೊಳೆಯುವುದು, ಮತ್ತು ತಿಂಗಳಿಗೊಮ್ಮೆ ತುದಿಯ ಮುಚ್ಚಳ ಬಿಚ್ಚಿ ನೀರು ತಿಳಿಯಾಗಿ ಬರುವವರೆಗೆ ಹರಿಯಬಿಡುವುದು, ಈ ಎರಡು ಅಭ್ಯಾಸಗಳು ಕೊಳವೆಯ ಆಯುಷ್ಯಕ್ಕೆ ವರ್ಷಗಳನ್ನೇ ಸೇರಿಸುತ್ತವೆ.

ಸುಣ್ಣ ಕಟ್ಟಿದ ಕೊಳವೆಗೆ ಹುಳಿಯೇ ಮದ್ದು. ಕೊಳವೆಯನ್ನು ಕಳಚಿ, ಮೈಮೇಲಿನ ಮಣ್ಣನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಬಿಳಿ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿದ ಟಬ್ಬಿನಲ್ಲಿ ಅಥವಾ ಒಂದು ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಮ್ಲದ ಹರಳು ಕರಗಿಸಿದ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟರೆ ಸುಣ್ಣವು ಸಣ್ಣ ಗುಳ್ಳೆಗಳನ್ನು ಬಿಡುತ್ತಾ ಕರಗುತ್ತದೆ. ಕೊಳವೆಯೊಳಗೂ ದ್ರಾವಣ ತುಂಬುವಂತೆ ಒಂದು ತುದಿಯಿಂದ ಆಲಿಕೆಯಲ್ಲಿ ಸುರಿಯಬೇಕು, ಒಳಗೆ ಗಾಳಿ ಸಿಕ್ಕಿಕೊಂಡರೆ ಅಷ್ಟು ಭಾಗ ಹಾಗೇ ಉಳಿಯುತ್ತದೆ. ಲೋಳೆ ಕಟ್ಟಿದ್ದಕ್ಕೆ ತೆಳುವಾದ ಬ್ಲೀಚಿಂಗ್ ದ್ರಾವಣ ಹೊಂದುತ್ತದೆ, ಆದರೆ ಹುಳಿ ಮತ್ತು ಬ್ಲೀಚಿಂಗ್ ಎಂದಿಗೂ ಒಂದೇ ಪಾತ್ರೆಯಲ್ಲಿ ಸೇರಕೂಡದು, ಅವೆರಡೂ ಕೂಡಿದರೆ ಶ್ವಾಸಕೋಶವನ್ನು ಸುಡುವ ಕ್ಲೋರಿನ್ ಅನಿಲ ಹೊರಡುತ್ತದೆ. ರೈತರು ಹನಿ ನೀರಾವರಿಯ ಸಾಲುಗಳಿಗೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹರಿಸುತ್ತಾರಾದರೂ ಮನೆಯ ಮಟ್ಟಿಗೆ ಅದರ ಅಗತ್ಯವೂ ಇಲ್ಲ, ಅಪಾಯವೂ ಬೇಡ.

ಇನ್ನು ಒಡೆದ ಕೊಳವೆಯ ವಿಷಯ. ಹೆಗ್ಗಣ ಅಥವಾ ಅಳಿಲು ಕಡಿದೋ, ಕುಡುಗೋಲು ತಾಗಿಯೋ, ಒತ್ತಡಕ್ಕೆ ಬಿರಿದೋ ಆದ ತೂತಿನಿಂದ ನೀರು ಒಸರುವ ಬದಲು ಕಾರಂಜಿಯಾಗಿ ಚಿಮ್ಮಿದಾಗ ಮೊದಲು ಕೈಗೆ ಬರುವುದು ಅಂಟುಪಟ್ಟಿ ಅಥವಾ ಎಪಾಕ್ಸಿ ಅಂಟು, ಎರಡೂ ನಿಲ್ಲುವುದಿಲ್ಲ. ಮೈಯೆಲ್ಲ ಒಸರುವ ಒರಟು ಮೇಲ್ಮೈಗೆ ಪಟ್ಟಿಯ ಅಂಟು ಹಿಡಿಯದು, ಪಾಲಿಥಿಲೀನಿನ ಮೇಲಂತೂ ಬಹುತೇಕ ಯಾವ ಅಂಟೂ ಗಟ್ಟಿಯಾಗಿ ಕೂರುವುದಿಲ್ಲ. ಸಣ್ಣ ತೂತಿಗೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಪಟ್ಟಿಯನ್ನು ಎಳೆದೆಳೆದು ಮೂರು ನಾಲ್ಕು ಸುತ್ತು ಸುತ್ತಿ ಎರಡೂ ಅಂಚಿಗೆ ತಂತಿ ಬಿಗಿದರೆ, ಟ್ಯಾಂಕಿನ ಕಡಿಮೆ ಒತ್ತಡಕ್ಕೆ ಅದು ಕೆಲವು ತಿಂಗಳು ತಡೆಯುತ್ತದೆ. ಶಾಶ್ವತವಾದ ದುರಸ್ತಿಯೆಂದರೆ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ನಡುವೆ ಜಾಯಿಂಟರ್ ಹಾಕುವುದು. ನೀರು ಹರಿಯುತ್ತಿರುವಾಗಲೇ ತೂತಿನ ಜಾಗಕ್ಕೆ ದಾರ ಕಟ್ಟಿ ಗುರುತು ಮಾಡಿಕೊಂಡು, ನಲ್ಲಿ ನಿಲ್ಲಿಸಿ, ತೂತಿನ ಎರಡೂ ಬದಿ ಒಂದೊಂದು ಇಂಚು ಬಿಟ್ಟು ಹರಿತವಾದ ಚಾಕುವಿನಿಂದ ನೇರವಾಗಿ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದರೆ ಒಂದು ಅಂಚು ಜಾಯಿಂಟರಿನ ನಡುಗಟ್ಟನ್ನು ಮುಟ್ಟದೆ ಅಲ್ಲೇ ಸೋರುತ್ತದೆ. ಈ ಕೊಳವೆಗಳ ಒಳಸುತ್ತಳತೆ ಒಂದೊಂದು ತಯಾರಿಕೆಯಲ್ಲಿ ಒಂದೊಂದು ಬಗೆಯಾಗಿರುವುದರಿಂದ ಕತ್ತರಿಸಿದ ತುಂಡನ್ನೇ ಅಂಗಡಿಗೆ ಒಯ್ದು, ಅದರೊಳಗೆ ಬಿಗಿಯಾಗಿ ಕೂರುವ, ಮುಳ್ಳಿನಂಥ ಏಣುಗಳಿರುವ ಜಾಯಿಂಟರನ್ನು ಆರಿಸಿಕೊಳ್ಳಬೇಕು. ಕೊಳವೆಯ ತುದಿಯನ್ನು ಒಂದೆರಡು ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ರಬ್ಬರು ಮೆತ್ತಗಾಗಿ ಜಾಯಿಂಟರು ಸಲೀಸಾಗಿ ಒಳಹೋಗುತ್ತದೆ, ಬೆಂಕಿಗೆ ಹಿಡಿದರೆ ಪ್ಲಾಸ್ಟಿಕ್ಕು ಕರಗಿ ತುದಿ ಕೆಡುತ್ತದೆ. ಕೊನೆಗೆ ಎರಡೂ ಬದಿ ಸ್ಟೇನ್‌ಲೆಸ್ ಕ್ಲಿಪ್ಪು ಹಾಕಿ, ರಬ್ಬರು ಕ್ಲಿಪ್ಪಿನ ಅಂಚಿನಲ್ಲಿ ತುಸು ಉಬ್ಬಿ ಕಾಣುವಷ್ಟಕ್ಕೆ ಬಿಗಿದು ನಿಲ್ಲಿಸಬೇಕು. ಇನ್ನೊಂದು ಸುತ್ತು ಬಿಗಿಯೋಣವೆಂದು ಹೊರಟರೆ ಕ್ಲಿಪ್ಪೇ ಕೊಳವೆಯನ್ನು ಕೊಯ್ಯುತ್ತದೆ.

ತೂತುಗಳು ಹಲವಿದ್ದರೆ ದುರಸ್ತಿಯನ್ನೇ ಅನುಕೂಲವಾಗಿ ಬಳಸಿಕೊಳ್ಳಬಹುದು. ಗಿಡಗಳಿಲ್ಲದ ಓಣಿಯನ್ನು ದಾಟುವ ಕಡೆ ಜಿನುಗುವ ತುಂಡನ್ನು ತೆಗೆದು ಸಾಮಾನ್ಯ ಪೈಪಿನ ತುಂಡನ್ನು ಸೇರಿಸಿದರೆ ನೀರು ಬೇಡದ ಜಾಗದಲ್ಲಿ ಪೋಲಾಗುವುದು ತಪ್ಪುತ್ತದೆ, ಉಳಿದ ಭಾಗಕ್ಕೆ ಒತ್ತಡವೂ ಹೆಚ್ಚು ಸಿಗುತ್ತದೆ. ನಲ್ಲಿಯ ಜೋಡಣೆಯಲ್ಲಿ ಸೋರಿದರೆ ಹೆಚ್ಚಿನ ಸಲ ತಪ್ಪು ಸವೆದ ರಬ್ಬರ್ ವಾಷರಿನದು, ಅದನ್ನು ಬದಲಿಸಿ ಮರೆಗೆ ಟೆಫ್ಲಾನ್ ಟೇಪು ಸುತ್ತಿದರೆ ಮುಗಿಯಿತು. ತುದಿಯ ಮುಚ್ಚಳ ಕಳೆದಿದ್ದರೆ ತುದಿಯನ್ನು ಮಡಚಿ, ಮಡಚಿದ ಜಾಗಕ್ಕೆ ಅಗಲ ಪೈಪಿನ ಉಂಗುರ ತೊಡಿಸುವುದು ಹೊಲಗಳಲ್ಲಿ ಎಲ್ಲರೂ ಬಲ್ಲ ಉಪಾಯ.

ಜಿನುಗು ಕೊಳವೆ ಸಿಗದ ಊರುಗಳಲ್ಲಿ ಬಿರುಕುಬಿಟ್ಟ ಹಳೆಯ ಹಸಿರು ಪೈಪಿಗೆ ಎರಡೆರಡು ಇಂಚಿಗೆ ಒಂದರಂತೆ ಕಾಯಿಸಿದ ದಬ್ಬಣದಿಂದ ತೂತು ಮಾಡಿ, ತುದಿ ಮುಚ್ಚಿ, ತೂತುಗಳು ಮಣ್ಣಿನ ಕಡೆಗೆ ಮುಖಮಾಡುವಂತೆ ಹಾಸಿದರೆ ಕೆಲಸ ನಡೆಯುತ್ತದೆ. ಅದು ಒಸರುವುದಿಲ್ಲ, ತೊಟ್ಟಿಕ್ಕುತ್ತದೆ, ಆದರೆ ತಾರಸಿಯ ಕಡಿಮೆ ಒತ್ತಡಕ್ಕೂ ಒಗ್ಗುತ್ತದೆ. ಇಲ್ಲೊಂದು ಆಕ್ಷೇಪವನ್ನೂ ಗಮನಿಸಬೇಕು. ಟೈರಿನ ರಬ್ಬರಿನಲ್ಲಿ ಸತುವಿನ ಆಕ್ಸೈಡೂ ರಬ್ಬರನ್ನು ಕಾಯುವ ಹಲವು ರಾಸಾಯನಿಕಗಳೂ ಇರುತ್ತವೆ; ಅಂಥದೊಂದು ರಾಸಾಯನಿಕ ಗಾಳಿಯ ಓಜೋನಿನೊಡನೆ ಸೇರಿ ಹುಟ್ಟುವ ವಸ್ತುವೇ ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಕೊಹೊ ಸಾಮನ್ ಮೀನುಗಳ ಸಾವಿಗೆ ಕಾರಣವೆಂದು 2020ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅದು ರಸ್ತೆಯಿಂದ ಕೊಚ್ಚಿಹೋದ ಟೈರಿನ ಪುಡಿಯ ಕಥೆಯೇ ಹೊರತು ತೋಟದ ಕೊಳವೆಯದಲ್ಲ. ಆದರೂ ಸೊಪ್ಪು ತರಕಾರಿಗಳ ಮಡಿಗೆ ಹನಿ ನೀರಾವರಿಯ ಪಾಲಿಥಿಲೀನ್ ಪೈಪನ್ನು, ಹೂಗಿಡ, ಬೇಲಿ ಸಾಲು, ಹಣ್ಣಿನ ಮರಗಳಿಗೆ ಟೈರಿನ ಕೊಳವೆಯನ್ನು ಬಳಸುವುದು ವಿವೇಕದ ಹಂಚಿಕೆ. ಇಂಥ ಕೊಳವೆಯ ನೀರನ್ನು ಕುಡಿಯುವುದಂತೂ ಸಲ್ಲದು, ಮತ್ತು ಟ್ಯಾಂಕು ಬರಿದಾದಾಗ ಮಣ್ಣಿನ ನೀರು ಹಿಮ್ಮುಖವಾಗಿ ಮನೆಯ ಪೈಪಿಗೆ ಸೆಳೆಯಲ್ಪಡದಂತೆ ನಲ್ಲಿಯ ಬಳಿ ಒಮ್ಮುಖ ವಾಲ್ವು ಇರಬೇಕು.

ಮುಂಗಾರು ಹಿಡಿದ ಮೇಲೆ ಕೊಳವೆಯನ್ನು ಮಡಿಯಲ್ಲೇ ಬಿಡದೆ, ತುದಿ ಬಿಚ್ಚಿ ನೀರು ಬಸಿದು, ಅಗಲವಾದ ಸುರುಳಿಯಾಗಿ ಸುತ್ತಿ ನೆರಳಿನಲ್ಲಿ ನೇತುಹಾಕಬೇಕು. ಮೊಳೆಯ ಮೇಲೆ ತೂಗುಹಾಕಿದರೆ ಮೊಳೆ ಒತ್ತಿದಲ್ಲಿ ಮಡಿಕೆ ಬಿದ್ದು ಮುಂದಿನ ಬೇಸಿಗೆಗೆ ಅಲ್ಲೇ ಸೀಳುತ್ತದೆ, ಹಳೆಯ ಬಕೆಟ್ಟನ್ನು ಗೋಡೆಗೆ ಮಗ್ಗುಲಾಗಿ ಜಡಿದು ಅದರ ಸುತ್ತ ಸುತ್ತಿದರೆ ಆ ಬಾಧೆಯಿಲ್ಲ. ಬಗ್ಗಿಸಿದಾಗ ಮೈಯೆಲ್ಲ ನೆರಿಗೆಯಂತೆ ಬಿರಿಯುವ, ಬೆರಳಿನಿಂದ ಉಜ್ಜಿದರೆ ಕಪ್ಪು ಪುಡಿ ಉದುರುವ ಕೊಳವೆಗೆ ಮಾತ್ರ ದುರಸ್ತಿಯಿಲ್ಲ, ಏಕೆಂದರೆ ಅಲ್ಲಿ ಕೆಟ್ಟಿರುವುದು ಒಂದು ಜಾಗವಲ್ಲ, ಹರಳುಗಳನ್ನು ಹಿಡಿದಿಟ್ಟ ಪ್ಲಾಸ್ಟಿಕ್ಕೇ. ಅಂಥದರಲ್ಲೂ ಪುಡಿಯುದುರದ ಭಾಗ ಎಲ್ಲಾದರೂ ಉಳಿದಿದ್ದರೆ ಗೇಣುದ್ದದ ತುಂಡುಗಳಾಗಿ ಕತ್ತರಿಸಿ ಉದ್ದಕ್ಕೆ ಸೀಳಿಟ್ಟುಕೊಂಡರೆ, ಎಳೆಯ ಮಾವಿನ, ಸೀಬೆಯ ಸಸಿಗಳನ್ನು ಊರುಗೋಲಿಗೆ ಕಟ್ಟುವಾಗ ತಂತಿ ತೊಗಟೆಯನ್ನು ಕೊರೆಯದಂತೆ ನಡುವೆ ತೊಡಿಸಲು ಅವು ಒದಗುತ್ತವೆ.